ಏಳು ಮೆಟ್ಟಿಲಿನವಳು

ನಮ್ಮೂರಿನಲ್ಲಿ ಯಾರಾದರೂ ನನ್ನ ಕಡೆ ಬೆರಳು ಮಾಡಿ 'ಏಳು ಮೆಟ್ಟಿಲಿನವಳು ಇವಳೇ' ಎಂದರೆ ನನಗೀಗ ಸಿಟ್ಟು ಬರುವುದಿಲ್ಲ. ಒಂದು ಕಾಲದಲ್ಲಿ ಬರುತ್ತಿತ್ತು. ಈಗ ಸೆರಗು ಸರಿಪಡಿಸಿಕೊಂಡು 'ಹೌದು, ನಾನೇ' ಎನ್ನುತ್ತೇನೆ. ನನಗಿಂತ ಮೊದಲು ನಾಲ್ಕು ಮೆಟ್ಟಿಲು ಹತ್ತಿದವರು ಇಡೀ ಊರಿಗೆ ಇಬ್ಬರು. ಅವರಲ್ಲೊಬ್ಬರು ತಲೆ ತಿರುಗಿ ಕೆಳಗಿಳಿದು ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಏಳು ಹತ್ತಿದವಳು ನಾನೊಬ್ಬಳೇ. ನನ್ನ ಹೆಸರು ಹೊನ್ನಮ್ಮ ಎಂದು, ಆದರೆ ಹೆಸರು ಹಿಡಿದು ಕರೆಯುವವರು ಕಡಿಮೆ.

ಶಾಲೆಯ ಬಯಲಿನ ನಡುವೆ ಮಾತಿನ ಕಟ್ಟೆ ಇದೆ. ಕಟ್ಟೆ ಎಂದರೆ ದೊಡ್ಡದೇನಲ್ಲ, ಇಬ್ಬರು ನಿಲ್ಲುವಷ್ಟು ಅಗಲದ ಚಪ್ಪಡಿ ಕಲ್ಲು, ನೆಲದಿಂದ ಗೇಣೆತ್ತರ. ದಸರೆ ರಜೆ ಮುಗಿದ ಮೊದಲ ಭಾನುವಾರ ಅಲ್ಲಿ ಮಕ್ಕಳ ಭಾಷಣ ಸ್ಪರ್ಧೆ. ಹತ್ತು ತುಂಬಿದವರು ಹದಿನೇಳರವರೆಗೆ ಮಾತಾಡಬಹುದು, ತಲೆಗೆ ಐದು ನಿಮಿಷ. ಮೊದಲ ಸಲ ಬಂದ ಮಗು ಕಾಲಿಟ್ಟರೆ ಕಲ್ಲು ಇದ್ದ ಹಾಗೇ ಇರುತ್ತದೆ. ಒಂದು ಸಲ ಸೋತವರು ಕಾಲಿಟ್ಟರೆ ಕಲ್ಲು ಮೊಳದಷ್ಟು ಮೇಲೇಳುತ್ತದೆ, ಮುಂದೊಂದು ಮೆಟ್ಟಿಲು ಮೂಡುತ್ತದೆ. ಎರಡು ಸಲ ಸೋತವರಿಗೆ ಎರಡು. ಮಾತು ಮುಗಿಸಿ ಇಳಿದ ಮೇಲೆ ಕಲ್ಲು ಮತ್ತೆ ಹಿಂದಿನಂತೆ ನೆಲಕ್ಕೆ ಕೂರುತ್ತದೆ. ಹೀಗಾಗಿ ನಮ್ಮೂರಿನಲ್ಲಿ ಸೋಲನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವ ಹಾಗಿಲ್ಲ. ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ 'ಹುಡುಗಿಗೆ ಎಷ್ಟು ಮೆಟ್ಟಿಲು?' ಎಂದು ಕೇಳುತ್ತಾರೆ. 'ಮೂರಾದರೆ ಮನೆಗೆ' ಎಂಬುದು ನಮ್ಮೂರ ಗಾದೆ. ಮೂರು ಸಲ ಸೋತ ಮಗುವನ್ನು ಹೆತ್ತವರೇ ಬಿಡಿಸಿ ಕರೆದುಕೊಂಡು ಹೋಗುತ್ತಿದ್ದರು. ಮೈಕಿನ ವೈರೂ ಎರಡು ಮೆಟ್ಟಿಲಿಗೆ ಮಾತ್ರ ಎಟುಕುತ್ತಿತ್ತು. ಅದಕ್ಕಿಂತ ಮೇಲೆ ಹೋಗುವ ಭಂಡರು ಯಾರಿದ್ದಾರೆ ಎಂದು ಯಾರೂ ಉದ್ದದ ವೈರು ತರುವ ಗೋಜಿಗೆ ಹೋಗಿರಲಿಲ್ಲ.

ಗೆದ್ದವರಿಗೆ ಕಪ್ಪೂ ಇಲ್ಲ, ಶಾಲೂ ಇಲ್ಲ. ಗೆದ್ದ ಮಗು ಭಾಷಣದ ಕೊನೆಗೆ ಏನು ಬೇಕೆಂದು ಹೇಳಿತ್ತೋ ಅದನ್ನು ಊರು ಒಂದು ವರ್ಷದೊಳಗೆ ನಡೆಸಿಕೊಡಬೇಕು. ಸಂತೆಮಾಳಕ್ಕೆ ನೆರಳು ಬಂದದ್ದು ಹಾಗೆ. ಊರಿಗೆ ಎರಡನೆಯ ಕ್ಷೌರಿಕ ಬಂದದ್ದೂ ಹಾಗೆಯೇ. ನಂಜುಂಡ ಎಂಬ ಹುಡುಗ ಸೋಮವಾರ ಯಾರೂ ಉಪ್ಪಿಟ್ಟು ಮಾಡಕೂಡದು ಎಂದು ಹೇಳಿ ಗೆದ್ದ. ಇವತ್ತಿಗೂ ಸೋಮವಾರ ನಮ್ಮೂರಿನ ಯಾವ ಮನೆಯಲ್ಲೂ ರವೆ ಹುರಿದ ವಾಸನೆ ಏಳುವುದಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಒಂದು, ಹೊಳೆಗೆ ಸೇತುವೆ.

ನಮ್ಮ ಮನೆ ಹೊಳೆಯಾಚೆ. ಆಚೆ ದಡದಲ್ಲಿ ಹದಿನಾಲ್ಕು ಮನೆ, ಎಲ್ಲರೂ ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡುವವರು. ಮೇಲಕ್ಕೆ ಹೋದರೆ ಕಮರಿ, ಕೆಳಕ್ಕೆ ಹೋದರೆ ಜೌಗು, ಬಳಸಿ ಬರುವ ದಾರಿಯೇ ಇಲ್ಲ. ಹರಿಗೋಲೊಂದೇ ಗತಿ. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ನನ್ನನ್ನು ಶಾಲೆಗೆಂದು ಈಚೆ ದಡದ ಸೋದರತ್ತೆಯ ಮನೆಯಲ್ಲಿ ಬಿಟ್ಟು ಹಿಂತಿರುಗುವಾಗ ನಡುನೀರಿನಲ್ಲಿ ಹರಿಗೋಲು ಮಗುಚಿತು. ಅಪ್ಪ ಸಿಗಲಿಲ್ಲ. ಮಾರನೆಯ ದಿನ ಅವ್ವ ಆಚೆ ದಡದ ಬಂಡೆಯ ಮೇಲೆ ನಿಂತು, ನೀನು ಹರಿಗೋಲು ಹತ್ತಿದರೆ ನನ್ನ ಮೇಲಾಣೆ, ನಾನೂ ಹತ್ತುವುದಿಲ್ಲ ಎಂದು ಕೂಗಿ ಹೇಳಿದಳು. ಅವಳ ಆಣೆಯನ್ನು ನಾನು ಮೀರಲಿಲ್ಲ, ಅವಳೂ ಮೀರಲಿಲ್ಲ. ಅಲ್ಲಿಂದ ಸುಮಾರು ಹತ್ತು ವರ್ಷ ನಾವಿಬ್ಬರೂ ಹೊಳೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಮಾತಾಡಿದೆವು.

ದಿನಾ ಸಂಜೆ, ದೀಪ ಹಚ್ಚುವ ಮೊದಲು. ಹೊಳೆಯ ಮೇಲೆ ಮಾತಾಡುವುದಕ್ಕೆ ಒಂದು ಕ್ರಮವಿದೆ. ಉದ್ದದ ಮಾತು ನಡುನೀರಿನಲ್ಲೇ ಮುಳುಗುತ್ತದೆ, ಗಿಡ್ಡ ಮಾತು ದಾಟುತ್ತದೆ. ಕೂಗಿದ ಮೇಲೆ ಸುಮ್ಮನಿರಬೇಕು. ಆಚೆಯವರು ಕಿವಿಗೊಟ್ಟು, ಇದು ಇಂಥ ಮಾತು ಎಂದು ತಿಳಿದು, ಉಸಿರು ತುಂಬಿಕೊಂಡು ಉತ್ತರ ಕೊಡುವಷ್ಟರಲ್ಲಿ ಮನಸ್ಸಿನಲ್ಲಿ ಒಂಬತ್ತು ಎಣಿಸಿರುತ್ತೇವೆ. ಎದುರುಗಾಳಿಯಿದ್ದರೆ ಇನ್ನೂ ಹೆಚ್ಚು. ತಡೆಯಲಾರದೆ ಮತ್ತೆ ಕೂಗಿದರೆ ಆಚೆಯಿಂದ ಬರುತ್ತಿರುವ ಮಾತನ್ನು ನಾವೇ ತುಳಿದ ಹಾಗೆ. ಅವ್ವ ಮೊದಲು ಕೇಳುತ್ತಿದ್ದದ್ದು 'ಉಂಡ್ಯಾ?' ಎಂದು. ನಾನು 'ಉಂಡೆ' ಎನ್ನುತ್ತಿದ್ದೆ. ಅತ್ತೆಯ ಮನೆಯಲ್ಲಿ ರಾತ್ರಿ ಊಟ ತಡವಾಗಿ, ಆ ಹೊತ್ತಿಗೆ ಒಲೆಯೂ ಹತ್ತಿರುತ್ತಿರಲಿಲ್ಲ. ಆದರೆ ಇಲ್ಲ ಎಂದರೆ ಯಾಕೆ ಎಂದು ಹೇಳಬೇಕು, ಅಷ್ಟುದ್ದದ ಮಾತು ಹೊಳೆ ದಾಟುವುದಿಲ್ಲ. ಹಾಗಾಗಿ ಅಷ್ಟೂ ವರ್ಷ ದಿನಾ ಒಂದು ಸುಳ್ಳು ಹೇಳಿದೆ.

ಹತ್ತು ತುಂಬಿದ ವರ್ಷವೇ ಕಟ್ಟೆ ಹತ್ತಿದೆ. 'ಮಾನ್ಯ ಅಧ್ಯಕ್ಷರೇ' ಎಂದೆ, ಮುಂದಿನದು ಮರೆತುಹೋಯಿತು. ನೆನಪಾದೀತೆಂದು ಮತ್ತೆ 'ಮಾನ್ಯ ಅಧ್ಯಕ್ಷರೇ' ಎಂದೆ. ಹೀಗೆ ಹನ್ನೊಂದು ಸಲ ಕರೆದೆನಂತೆ. ಅಧ್ಯಕ್ಷರೆಂದರೆ ನಮ್ಮ ಹೆಡ್ ಮೇಡಂ ಅಂಬುಜಾಕ್ಷಿ ಟೀಚರ್. ಅವರು ಕೊನೆಗೆ 'ಇಲ್ಲೇ ಇದೀನಲ್ಲಮ್ಮ' ಎಂದರು, ಬಯಲಿಗೆ ಬಯಲೇ ನಕ್ಕಿತು. ಎರಡನೆಯ ವರ್ಷ ಮರೆಯಲಿಲ್ಲ, ಆದರೆ ಅದು ನಂಜುಂಡನ ಉಪ್ಪಿಟ್ಟಿನ ವರ್ಷ. ಹೊಳೆಯ ಮುಂದೆ ಉಪ್ಪಿಟ್ಟು ಗೆದ್ದಿತು. ಮೂರನೆಯ ವರ್ಷ ಮಾವನೇ ಭಾಷಣ ಬರೆದುಕೊಟ್ಟರು. ಅವರು ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುವವರು. 'ಅನಾದಿ ಕಾಲದಿಂದಲೂ ಮಾನವನ ಸರ್ವತೋಮುಖ ಅಭಿವೃದ್ಧಿಯಲ್ಲಿ' ಎಂದು ಶುರುವಾದ ವಾಕ್ಯ ಮುಗಿಯುವಷ್ಟರಲ್ಲಿ ನನಗೇ ಉಸಿರು ಕಟ್ಟಿತ್ತು. ಅಂಬುಜಾಕ್ಷಿ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ಭಾಷಣ ಚೆನ್ನಾಗಿತ್ತು, ಆದರೆ ಇದು ನಿಮ್ಮ ಮಾವನದು, ಅವರಿಗೆ ವಯಸ್ಸು ಮೀರಿದೆ ಎಂದರು.

ಮೂರಾಯಿತು. ಅತ್ತೆ ಅಂದು ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಕೂತಳು. ಅವಳು ಎಣ್ಣೆ ಹಚ್ಚಿದಳೆಂದರೆ ಬುದ್ಧಿವಾದ ಬಂತೆಂದೇ ಅರ್ಥ. 'ಸಾಕು ಬಿಡೆ ಹೊನ್ನಿ. ನಾಕ್ನೇ ಸಲ ಹತ್ತಿದ್ರೆ ನಾಳೆ ನಿನ್ನ ಕೈ ಹಿಡಿಯೋರು ಯಾರು?' ಎಂದಳು. ಅವಳು ಹೇಳಿದ್ದು ಊರಿನ ಮಾತು, ತಪ್ಪೇನಿಲ್ಲ. ಸಂಜೆ ದಡಕ್ಕೆ ಹೋಗಿ 'ಸೋತೆ' ಎಂದು ಕೂಗಿದೆ. ಒಂಬತ್ತು ಎಣಿಸಿದೆ. ಆಚೆಯಿಂದ 'ಮತ್ತೆ ಹೋಗು' ಎಂದು ಬಂತು. ಮೂರಾದರೆ ಮನೆಗೆ ಎಂಬ ಗಾದೆ ಇನ್ನೂ ಹೊಳೆ ದಾಟಿರಲಿಲ್ಲ. ನನಗಂತೂ ಅಷ್ಟೇ ಸಾಕಾಗಿತ್ತು.

ನಾಲ್ಕನೆಯ ವರ್ಷ ಮೂರು ಮೆಟ್ಟಿಲ ಮೇಲೆ ಮೈಕಿಲ್ಲದೆ ನಿಂತೆ. ಬಳೆ ಮಾರುವವಳ ಹಾಗೆ ಒರಲಿದೆ, ಎರಡನೆಯ ನಿಮಿಷಕ್ಕೆ ಗಂಟಲು ಬಿದ್ದುಹೋಯಿತು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಹಾಗೆ ನನಗೊಂದು ಲಾಭವಾಗಿತ್ತು. ಶಾಲೆಯ ಹಿಂಗೋಡೆ ಒಂದೂವರೆ ಆಳೆತ್ತರ, ಅದರ ಹಿಂದೆಯೇ ಹೊಳೆ. ಆ ದಿನ ಗೋಡೆಯ ಮೇಲಿಂದ ಆಚೆ ದಡದ ಹೊಂಗೆ ಮರಗಳ ತುದಿ ಕಂಡಿತು. ಕಟ್ಟೆ ಸೋತವರನ್ನು ಅಣಕಿಸುವುದಕ್ಕೆ ಎತ್ತುತ್ತದೆ ಎಂದೇ ಊರು ತಿಳಿದಿತ್ತು, ನಾನೂ ತಿಳಿದಿದ್ದೆ. ಅಲ್ಲಿಂದ ಏನಾದರೂ ಕಾಣುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ನನಗಿಂತ ಮೊದಲು ಹತ್ತಿದ್ದ ಇಬ್ಬರು ಕೆಳಗೇ ನೋಡಿರಬೇಕು, ಮೂರಕ್ಕೇ ಮನೆಗೆ ಹೋದವರಿಗೆ ಹೇಗೆ ಗೊತ್ತಾಗಬೇಕು!

ಐದನೆಯ ವರ್ಷಕ್ಕೆ ಗಂಟಲು ಪಳಗಿತ್ತು. ಕೊನೆಯ ಸಾಲಿನಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರೂ ತಲೆಯೆತ್ತಿದರು. 'ಗಂಟಲು ಬಂತು, ಇನ್ನು ಮಾತು ಬರಬೇಕು' ಎಂದರು ಅಂಬುಜಾಕ್ಷಿ ಟೀಚರ್. ಆರನೆಯ ವರ್ಷ ಅಪ್ಪನ ಸುದ್ದಿ ಎತ್ತಿಕೊಂಡು ಅತ್ತುಬಿಟ್ಟೆ. ಜನವೂ ಅತ್ತಿತು, ಸಮಾಧಾನಕ್ಕೆಂದು ಒಂದು ಸ್ಟೀಲ್ ತಟ್ಟೆ ಕೊಟ್ಟರು. ತಟ್ಟೆ ಕೊಟ್ಟದ್ದು ಕಣ್ಣೀರಿಗೆ, ಮಾತಿಗಲ್ಲ ಎಂದು ಟೀಚರ್ ಅಲ್ಲೇ ಹೇಳಿದರು. ಆ ಹೆಂಗಸಿನ ಮೇಲೆ ನನಗೆ ಎಷ್ಟು ಕೋಪವಿತ್ತೆಂದರೆ, ಆ ತಟ್ಟೆಯಲ್ಲಿ ಉಣ್ಣುವಾಗಲೆಲ್ಲ ಅವರನ್ನೇ ಬೈಯುತ್ತಿದ್ದೆ. ಏಳನೆಯ ವರ್ಷ ನಿಜಕ್ಕೂ ಚೆನ್ನಾಗಿ ಮಾತಾಡಿದೆ. ಆದರೆ ವೇದಾವತಿ ಎಂಬ ಹುಡುಗಿ ಊರಿಗೊಬ್ಬ ಸೂಲಗಿತ್ತಿ ಬೇಕೆಂದು ನನಗಿಂತ ಚೆನ್ನಾಗಿ ಮಾತಾಡಿದಳು. ತೀರ್ಪು ನನ್ನ ಕೈಲಿದ್ದಿದ್ದರೆ ನಾನೂ ಅವಳ ಕಡೆಗೇ ಕೊಡುತ್ತಿದ್ದೆ. ಆ ದಿನ ಆರನೆಯ ಮೆಟ್ಟಿಲಿನಿಂದ ನನಗೆ ನಮ್ಮ ಮನೆಯ ಮಾಡು ಕಂಡಿತ್ತು. ಬಂಡೆ ಮಾತ್ರ ಗೋಡೆಯ ಮರೆಯಲ್ಲಿತ್ತು. ಮನೆಗೆ ಬಂದು, ಇನ್ನೊಂದೇ ಒಂದು ಮೆಟ್ಟಿಲು ಸಾಕು ಅತ್ತೆ ಎಂದೆ. ಸೋತು ಸೋತು ಇವಳಿಗೆ ತಲೆ ಕೆಟ್ಟಿದೆ ಎಂದು ಅತ್ತೆ ಮಾವನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಹದಿನೇಳು ನನ್ನ ಕೊನೆಯ ವರ್ಷ. ಈ ಸಲ ಸೋತರೆ ಮುಂದೆ ಯಾವ ಮಗುವೂ ಸೇತುವೆಯ ಮಾತೆತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಈಚೆ ದಡಕ್ಕೆ ಊಟದೆಲೆ ಹರಿಗೋಲಿನಲ್ಲಿ ಬಂದು ಬೀಳುತ್ತಿದ್ದವು, ಜನ ಯಾಕೆ ಬೇಕು? ಹಿಂದಿನ ಸಂಜೆ ದಡಕ್ಕೆ ಹೋಗಿ 'ನಾಳೆ, ಹತ್ತಕ್ಕೆ, ಬಂಡೆ' ಎಂದು ಮೂರು ಮಾತು ಒಂದೊಂದಾಗಿ ದಾಟಿಸಿದೆ. ಬೆಳಿಗ್ಗೆ ಅತ್ತೆ ಮಾಡಿದ ದೋಸೆ ಮುಟ್ಟಲಿಲ್ಲ. ತಟ್ಟೆ ಹಾಗೇ ಬಿಟ್ಟು ಹೊರಟೆ.

ಹದಿನೇಳರವರನ್ನು ಎಲ್ಲರಿಗಿಂತ ಕೊನೆಗೆ ಕರೆಯುವುದು ರೂಢಿ. ನಾನು ಕಲ್ಲಿನ ಮೇಲೆ ಕಾಲಿಟ್ಟೆ. ಅದು ಏಳುತ್ತಲೇ ಹೋಯಿತು, ನಾನು ಹತ್ತುತ್ತಲೇ ಹೋದೆ. ಜನ ಬಾಯಿ ಬಿಟ್ಟುಕೊಂಡು ಎಣಿಸುತ್ತಿದ್ದದ್ದು ಕೇಳುತ್ತಿತ್ತು. ತುದಿಯಲ್ಲಿ ನಿಂತು ಗೋಡೆಯಾಚೆ ನೋಡಿದೆ. ಹೊಳೆ, ಅದರಾಚೆ ಬಂಡೆ, ಬಂಡೆಯ ಮೇಲೆ ಕೆಂಪು ಸೀರೆಯುಟ್ಟು ಅವ್ವ ನಿಂತಿದ್ದಳು. ಇದು ನನಗೆ ಗೊತ್ತಿದ್ದ ಕೆಲಸ. ಒಂಬತ್ತು ವರ್ಷದಿಂದ ದಿನಾ ಸಂಜೆ ಮಾಡಿಕೊಂಡು ಬಂದದ್ದು. ಕಟ್ಟೆಯ ಮೇಲೆ ಮಾತ್ರ ಇಷ್ಟು ವರ್ಷ ಬೇರೆ ಯಾರದೋ ಹಾಗೆ ಮಾತಾಡಲು ಹೋಗಿ ಹೋಗಿ ಸೋತಿದ್ದೆ.

ಮಾನ್ಯ ಅಧ್ಯಕ್ಷರನ್ನು ಕರೆಯಲಿಲ್ಲ. 'ನಮ್ಮವ್ವ ಆಚೆ ದಡದಲ್ಲಿದಾಳೆ' ಎಂದು ಸುಮ್ಮನಾದೆ. ಒಂಬತ್ತು ಎಣಿಸಿದೆ. ಮತ್ತೆ ಮರೆತಳು ಎಂದು ಯಾರೋ ಕಿಸಕ್ಕೆಂದರು. 'ಅವಳನ್ನ ಮುಟ್ಟಿ ಒಂಬತ್ತು ವರ್ಷ ಆಯ್ತು' ಎಂದೆ. ಮತ್ತೆ ಒಂಬತ್ತು ಎಣಿಸಿದೆ. ಈ ಸಲ ಯಾರೂ ನಗಲಿಲ್ಲ. 'ನಿಮ್ಮನೆ ಮದುವೇಲಿ ನೀವು ಉಂಡ ಎಲೆ ಅವಳು ಹಚ್ಚಿದ್ದು. ಎಲೆ ಹೊಳೆ ದಾಟ್ತದೆ. ಅವಳು ದಾಟಲ್ಲ.' ಮುಂದಿನ ಸಾಲಿನಲ್ಲಿ ಮಗು ಕುಣಿಸುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿದಳು. ಹರಿಗೋಲಿನ ಸಂಗತಿ, ಅಪ್ಪ ಹೋದದ್ದು, ಆಣೆ ಇಟ್ಟದ್ದು ಎಲ್ಲವನ್ನೂ ಅದೇ ಅಳತೆಯಲ್ಲಿ ಒಂದೊಂದು ಮಾತಾಗಿ ಹೇಳಿದೆ, ಹೇಳಿ ಹೇಳಿ ಕಾದೆ. ನನ್ನ ಲೆಕ್ಕಕ್ಕೆ ನಾಲ್ಕು ನಿಮಿಷವಾಗಿತ್ತು. ಇನ್ನೊಂದು ನಿಮಿಷದಲ್ಲಿ ಅವ್ವನನ್ನು ಕರೆದು, ಅವಳ ದನಿಯನ್ನು ಊರಿಗೆ ಕೇಳಿಸಿ, ಕೊನೆಗೆ ಸೇತುವೆ ಬೇಕು ಎಂದು ಹೇಳಿ ಇಳಿಯಬೇಕು.

'ಅವಳು ಎಷ್ಟು ದೂರದಲ್ಲಿದಾಳೆ ಅಂತ ನಿಮಗೆ ಗೊತ್ತಿಲ್ಲ. ತೋರಿಸ್ತೀನಿ' ಎಂದು ಹೊಳೆಯ ಕಡೆ ತಿರುಗಿದೆ. ದಿನಾ ಅವಳು ಕೇಳುವುದನ್ನು ಅಂದು ನಾನು ಕೇಳಿದೆ. 'ಅವ್ವಾ, ಉಂಡ್ಯಾ?'

ಒಂಬತ್ತು ಎಣಿಸಿದೆ, ಉತ್ತರವಿಲ್ಲ. ಹದಿನೈದು, ಇಪ್ಪತ್ತು. ಗಾಳಿ ನನ್ನ ಬೆನ್ನ ಹಿಂದಿನಿಂದ ಆಚೆಗೆ ಬೀಸುತ್ತಿತ್ತು. ನನ್ನ ಮಾತು ತಲುಪಿರುತ್ತದೆ, ಅವಳದು ಬರಲು ತಿಣುಕುತ್ತಿರುತ್ತದೆ ಎಂದು ಗೊತ್ತಿತ್ತು. ಕೆಳಗೆ ಶಾಲೆಯ ಜವಾನ ಮರಿಸ್ವಾಮಿ ಗಡಿಯಾರ ನೋಡುತ್ತಾ ಗಂಟೆಯ ಸುತ್ತಿಗೆ ಎತ್ತಿಕೊಂಡ. ಈಗಲೇ ಸೇತುವೆ ಎಂದುಬಿಟ್ಟರೆ ನಿಯಮ ಉಳಿಯುತ್ತದೆ. ಆದರೆ ಹಾಗೆ ಅಂದರೆ ಅವ್ವನ ಮಾತನ್ನು ನಾನೇ ತುಳಿದ ಹಾಗೆ. ಕಾದೆ. ಇಡೀ ಬಯಲು ನನ್ನ ಜೊತೆ ಕಾಯಿತು.

ಆಗ ಗೋಡೆಯ ಮೇಲಿಂದ ಸಣ್ಣಗೆ, ಆದರೆ ಒಂದಕ್ಷರವೂ ಮುಕ್ಕಾಗದೆ ಬಂತು. 'ನಂದಾಯ್ತು. ನೀನು ಉಂಡ್ಯಾ?'

ನನ್ನ ಬಳಿ ಇನ್ನೊಂದೇ ಮಾತಿನಷ್ಟು ಹೊತ್ತು ಉಳಿದಿತ್ತು. ಅದನ್ನು ಯಾವುದಕ್ಕೆ ಎತ್ತಿಟ್ಟುಕೊಂಡಿದ್ದೆನೋ ಅದು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಒಂಬತ್ತು ವರ್ಷದ ಅಭ್ಯಾಸ ನನ್ನನ್ನು ಕೇಳುವುದಿಲ್ಲ. ಅವ್ವ ಉಂಡ್ಯಾ ಎಂದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. 'ಉಂಡೆ' ಎಂದೆ. ಮರಿಸ್ವಾಮಿ ಗಂಟೆ ಬಾರಿಸಿದ.

ಏಳು ಮೆಟ್ಟಿಲಿನ ಮೇಲೆ ಕಲ್ಲಿನ ಹಾಗೆ ನಿಂತೆ. ಗಂಟೆಯ ಮೊದಲು ಬೇಡಿಕೆ ಹೇಳದವರು ಸೋತಂತೆ, ಅದರಲ್ಲಿ ಎರಡು ಮಾತಿಲ್ಲ. ಅಂಬುಜಾಕ್ಷಿ ಟೀಚರ್ ಎದ್ದು ನಿಂತರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

'ಮರಿಸ್ವಾಮಿ, ಗಂಟೆ ಹೊಡೆಯೋ ಮೊದಲು ಸೇತುವೆ ಬೇಕು ಅಂದ್ಲಾ?' ಎಂದು ಕೇಳಿದರು.

ಮರಿಸ್ವಾಮಿ ತಲೆ ಕೆರೆದುಕೊಂಡ. 'ಅಂದ್ಲಲ್ಲ ಮೇಡಂ' ಎಂದ.

ಟೀಚರ್ ಜನರ ಕಡೆ ನೋಡಿದರು. ಉಪ್ಪಿಟ್ಟಿನ ನಂಜುಂಡ ಎದ್ದು, ತನ್ನೆರಡು ಕಿವಿಯಾರೆ ಕೇಳಿಸಿಕೊಂಡೆ ಎಂದ. ಮಗುವಿನ ಹೆಂಗಸು ತಾನೂ ಕೇಳಿಸಿಕೊಂಡೆ ಎಂದಳು. ಹಿಂದಿನ ಸಾಲಿನ ಕಡಲೆಕಾಯಿಯವರೆಲ್ಲ ಹೌದು ಹೌದು, ಸ್ಪಷ್ಟವಾಗಿ ಅಂದಳು ಎಂದರು. ಬಯಲಿಗೆ ಬಯಲೇ ಸಾಕ್ಷಿ ಹೇಳಿತು. ನನಗೆ ಗಾಬರಿಯಾಯಿತು. ಇಷ್ಟು ವರ್ಷ ನೆಟ್ಟಗೆ ಸೋತವಳು ಈಗ ಸೊಟ್ಟಗೆ ಗೆಲ್ಲುವುದೇ ಎನ್ನಿಸಿತು.

'ಇಲ್ಲ ಟೀಚರ್, ನಾನು ಅನ್ಲಿಲ್ಲ. ಮರೆತೆ' ಎಂದು ಮೇಲಿನಿಂದ ಕೂಗಿದೆ.

'ನೀನು ಸುಮ್ನಿರು' ಎಂದರು ಅವರು. 'ಗಂಟೆ ಆದ ಮೇಲೆ ಮಾತಾಡೋ ಹಾಗಿಲ್ಲ.'

ನಿಯಮದ ವಿಷಯದಲ್ಲಿ ಅವರು ಎಂದೂ ಸಡಿಲ ಬಿಟ್ಟವರಲ್ಲ. ನನ್ನ ಹೆಸರು ಕರೆದದ್ದೂ ಜನ ಚಪ್ಪಾಳೆ ತಟ್ಟಿದ್ದೂ ನನಗೆ ಸರಿಯಾಗಿ ನೆನಪಿಲ್ಲ. ಇಳಿಯುವಾಗ ಮಾತ್ರ ಪ್ರತಿ ಮೆಟ್ಟಿಲಿನ ಮೇಲೂ ಒಂದು ಗಳಿಗೆ ನಿಂತು ನಿಂತು ಇಳಿದೆ, ಇನ್ನು ಅವು ನನಗೆ ಸಿಗುವುದಿಲ್ಲವಲ್ಲ ಎಂದು. ಇಷ್ಟು ವರ್ಷ ಗಂಟಲು ಹರಿದುಕೊಂಡು ಸೇತುವೆ ಎಂದಿದ್ದೆ, ಒಬ್ಬರ ಕಿವಿಗೂ ಹೋಗಿರಲಿಲ್ಲ. ಅನ್ನದೆ ಇದ್ದ ವರ್ಷ ಎಲ್ಲರ ಕಿವಿಗೂ ಹೋಗಿತ್ತು. ಇದು ಹೇಗೆಂದು ಇವತ್ತಿಗೂ ಬಗೆಹರಿದಿಲ್ಲ, ಬಗೆಹರಿಸುವ ಗೋಜಿಗೂ ನಾನು ಹೋಗಿಲ್ಲ.

ಸೇತುವೆ ಹನ್ನೊಂದು ತಿಂಗಳಲ್ಲಿ ಎದ್ದಿತು. ಮನೆಗೊಬ್ಬರಂತೆ ಸರದಿಯ ಮೇಲೆ ಬಂದು ದುಡಿದರು. ನಂಜುಂಡನಂತೂ ಕಲ್ಲು ಹೊತ್ತು ಹೊತ್ತು ಹೆಗಲು ಸುಲಿದುಕೊಂಡ, ಉಪ್ಪಿಟ್ಟಿನ ಪಾಪ ತೊಳೆಯುತ್ತಿದ್ದೇನೆ ಎಂದು ತನ್ನನ್ನೇ ಹಾಸ್ಯ ಮಾಡಿಕೊಂಡ. ಮಾವ ಯಾರೂ ಕೇಳದಿದ್ದರೂ ಅನಾದಿ ಕಾಲದಿಂದ ಶುರುವಾಗುವ ಒಂದು ಶಿಲಾಶಾಸನ ಬರೆದುಕೊಟ್ಟರು. ಅದಕ್ಕೆ ಸಾಕಾಗುವಷ್ಟು ದೊಡ್ಡ ಕಲ್ಲು ಸಿಗದೆ ಆ ಕೆಲಸ ಹಾಗೇ ಉಳಿಯಿತು.

ಕೊನೆಯ ಹಲಗೆ ಬಿಗಿದ ದಿನ ನಾನೇ ಓಡಿಹೋಗಬಹುದಿತ್ತು. ಆಣೆ ಇದ್ದದ್ದು ಹರಿಗೋಲಿಗೆ, ಸೇತುವೆಗಲ್ಲ. ಆದರೆ ಹಿಂದಿನ ಸಂಜೆ ಅವ್ವ 'ನಾನೇ ಬರ್ತೀನಿ' ಎಂದು ಕೂಗಿದ್ದಳು. ಹಾಗಾಗಿ ಈಚೆ ತುದಿಯಲ್ಲೇ ನಿಂತೆ. ಅವಳು ಕೆಂಪು ಸೀರೆಯುಟ್ಟು, ತಲೆಯ ಮೇಲೆ ಊಟದೆಲೆಯ ಕಟ್ಟು ಹೊತ್ತು, ಒಂದು ಕೈಯಲ್ಲಿ ಹಗ್ಗ ಹಿಡಿದು ಬಂದಳು. ನಡುಸೇತುವೆಯಲ್ಲಿ ನಿಂತು ಒಂದು ಸಲ ಕ್ಷಣಕಾಲ ನೀರನ್ನು ನೋಡಿದಳು. ಆಮೇಲೆ ಮತ್ತೆಲ್ಲೂ ನೋಡಲಿಲ್ಲ, ನನ್ನನ್ನೇ ನೋಡುತ್ತಾ ಬಂದಳು. ದೂರದಿಂದ ಎತ್ತರವಾಗಿ ಕಾಣುತ್ತಿದ್ದವಳು ಹತ್ತಿರ ಬಂದಾಗ ನನ್ನ ಭುಜಕ್ಕೆ ಬರುತ್ತಿದ್ದಳು. ನನ್ನೆದುರು ಎರಡು ಮೊಳ ದೂರದಲ್ಲಿ ನಿಂತು, ಎದೆ ತುಂಬ ಉಸಿರೆಳೆದುಕೊಂಡು, ಹೊಳೆಗೆ ಹೊಳೆಯೇ ಕೇಳುವ ಹಾಗೆ ಕೂಗಿದಳು.

'ಉಂಡ್ಯಾ?'

ಸುತ್ತ ನಿಂತ ಜನ ಬೆಚ್ಚಿಬಿದ್ದು ನಕ್ಕರು. ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಅವ್ವನಿಗೆ ನಾಚಿಕೆಯಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೆಲ್ಲಗೆ ಮಾತಾಡುವುದು ನಮ್ಮಿಬ್ಬರಿಗೂ ಮರೆತೇಹೋಗಿತ್ತು. ನನಗೂ ಕೂಗು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವಳ ಕೈ ಹಿಡಿದುಕೊಂಡೆ. ಎಲೆ ಹಚ್ಚಿ ಹಚ್ಚಿ ಬೆರಳ ತುದಿಗಳು ದೊರಗಾಗಿದ್ದವು. ಅವಳ ಕಿವಿಯ ಹತ್ತಿರ ಬಗ್ಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದೆ.

'ಇಲ್ಲ ಅವ್ವ. ಇನ್ನೂ ಇಲ್ಲ.'